ಸಾವಯವ ಚೆರಿಗೆ ಕಡಲಪಾಚಿ ಪುಡಿ: ಹಣ್ಣು ಗಟ್ಟಿಯಾಯ್ತು, ಸಿಹಿ ಹೆಚ್ಚಲಿಲ್ಲ

ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಸಾವಯವ ಚೆರಿ ಬೆಳೆಯುವ ನಮ್ಮಂಥವರಿಗೆ ಪ್ರತಿ ಚಳಿಗಾಲವೂ ಯಾರಾದರೊಬ್ಬರು ಹೊಸ ಬಯೋಸ್ಟಿಮ್ಯುಲೆಂಟ್ (ಗೊಬ್ಬರವಲ್ಲದ, ಗಿಡದ ಸ್ವಂತ ಶಕ್ತಿ ಎಬ್ಬಿಸುವ ಪದಾರ್ಥ) ಬಾಟಲಿ ತಂದು ತೋರಿಸುತ್ತಾರೆ. ಅಮೈನೋ ಆಮ್ಲ, ಹ್ಯೂಮಿಕ್ ಆಮ್ಲ, ಮೀನಿನ ರಸ, ಟ್ರೈಕೋಡರ್ಮಾ ಶಿಲೀಂಧ್ರ, ಇವನ್ನೆಲ್ಲ ಬೆರೆಸಿದ ಇನ್ನೊಂದು. ನಾನು ಬಿಡದೆ ಕೊಳ್ಳುವುದು ಒಂದನ್ನೇ. ಆಸ್ಕೋಫಿಲಮ್ ನೋಡೋಸಮ್ ಅನ್ನುವ ಕಂದು ಕಡಲಪಾಚಿಯಿಂದ ಮಾಡಿದ, ನೀರಿನಲ್ಲಿ ಕರಗುವ ಕಪ್ಪು ಪುಡಿ. ನೋವಾ ಸ್ಕಾಷಿಯಾ, ಐರ್ಲೆಂಡ್, ನಾರ್ವೆ ಕಡೆಯ ತಣ್ಣನೆಯ ತೀರಗಳಲ್ಲಿ ಈ ಪಾಚಿ ಬಂಡೆ ಹಿಡಿದು ಬೆಳೆಯುತ್ತದೆ. ಹಲವು ಕಂಪನಿಗಳು ಇದನ್ನೇ ಮಾರುತ್ತವೆ, ಹಾಗಾಗಿ ಬ್ರ್ಯಾಂಡಿಗಿಂತ ಒಳಗೇನಿದೆ ಅನ್ನುವುದೇ ಮುಖ್ಯ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ಆ ನಾಲ್ಕೂ ಸ್ಟಾರ್ ಮಳೆಗೆ ಹಣ್ಣು ಬಿರುಕು ಬಿಡುವುದನ್ನು ಕಡಿಮೆ ಮಾಡುವುದಕ್ಕೆ. ನಮ್ಮ ಕಣಿವೆ ಒಣ ಪ್ರದೇಶ, ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ, ಅದೂ ಹೆಚ್ಚಿನದು ಚಳಿಗಾಲದಲ್ಲಿ. ಆದರೆ ಜೂನ್‌ನಲ್ಲಿ ಹಣ್ಣಿಗೆ ಬಣ್ಣ ಬರುವ ಹೊತ್ತಿಗೆ ಸರಿಯಾಗಿ ಒಂದು ಮಳೆ ಹೊಡೆದರೆ ಸಾಕು, ವರ್ಷದ ದುಡಿಮೆ ಹೋಯಿತು. ನೀರು ಹಣ್ಣಿನ ಸಿಪ್ಪೆಯಿಂದಲೂ ಒಳಗೆ ಹೋಗುತ್ತದೆ, ಬೇರಿನಿಂದಲೂ ಬರುತ್ತದೆ. ಹಣ್ಣು ಉಬ್ಬುತ್ತದೆ, ಸಿಪ್ಪೆ ತಡೆಯಲಾರದೆ ಸೀಳುತ್ತದೆ. ಇಲ್ಲಿ ದೊಡ್ಡ ತೋಟದವರು ಹೆಲಿಕಾಪ್ಟರ್ ಬಾಡಿಗೆಗೆ ತಂದು ಮರಗಳ ಮೇಲೆ ಹಾರಿಸಿ ನೀರು ಕೊಡವಿಸುತ್ತಾರೆ, ಅಷ್ಟು ಭಯ ಇದಕ್ಕೆ. ಸಣ್ಣ ತೋಟದವರಿಗೆ ಅದು ಆಗುವ ಮಾತಲ್ಲ ಅಲ್ವಾ?

ಸಿಂಪಡಿಸಿದ ಸಾಲು, ಸಿಂಪಡಿಸದ ಸಾಲು ಎರಡನ್ನೂ ಪಕ್ಕಪಕ್ಕದಲ್ಲೇ ಇಟ್ಟು ನೋಡಿದ್ದೇನೆ. ಮಳೆ ಬಂದ ವರ್ಷಗಳಲ್ಲಿ ಪಾಚಿ ಬಿದ್ದ ಬಿಂಗ್ ತಳಿಯ ಸಾಲಿನಲ್ಲಿ ಒಡೆದ ಹಣ್ಣು ಕಣ್ಣಿಗೆ ಕಾಣುವಷ್ಟು ಕಡಿಮೆ. ಬಿರುಕು ಪೂರ್ತಿ ನಿಲ್ಲುವುದಿಲ್ಲ, ಆದರೆ ಆರಿಸಿ ತೆಗೆಯುವ ಕೆಲಸ ತುಂಬಾ ಇಳಿಯುತ್ತದೆ. ಹಣ್ಣು ಬೆರಳಿಗೆ ಗಟ್ಟಿ ಸಿಗುತ್ತದೆ, ತೊಟ್ಟು ಜಾಸ್ತಿ ದಿನ ಹಸಿರಾಗಿರುತ್ತದೆ. ಕೊಳ್ಳುವವರು ಮೊದಲು ನೋಡುವುದೇ ತೊಟ್ಟನ್ನು. ಪೋರ್ಚುಗಲ್‌ನ ಸಂಶೋಧಕರೂ ಚೆರಿಗೆ ಇದೇ ಪಾಚಿಯನ್ನೂ ಗ್ಲೈಸಿನ್ ಬೀಟೈನ್ ಅನ್ನುವ ಇನ್ನೊಂದು ಪದಾರ್ಥವನ್ನೂ ಸಿಂಪಡಿಸಿ ನೋಡಿ ಬಿರುಕು ಕಡಿಮೆಯಾದದ್ದನ್ನು ಕಂಡಿದ್ದಾರೆ, ಹಾಗಾಗಿ ಇದು ನನ್ನ ತೋಟದ ಮಾತು ಮಾತ್ರ ಅಲ್ಲ.

ಇದು ಗೊಬ್ಬರ ಅಲ್ಲ ಅನ್ನುವುದು ಮೊದಲು ತಲೆಗೆ ಹೋಗಬೇಕು. ಇದರಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಆಲ್ಜಿನೇಟ್ (ಪಾಚಿಯ ಅಂಟು), ಲ್ಯಾಮಿನಾರಿನ್, ಮ್ಯಾನಿಟಾಲ್, ಬೀಟೈನ್ ಥರದ ಪದಾರ್ಥಗಳು. ಇವು ಮರಕ್ಕೆ ಊಟ ಹಾಕುವುದಿಲ್ಲ, ಬಿಸಿಲು, ನೀರಿನ ಕೊರತೆ, ಚಳಿ ಇಂಥವನ್ನು ತಡೆದುಕೊಳ್ಳುವ ಮರದ ಸ್ವಂತ ಶಕ್ತಿಯನ್ನು ಎಬ್ಬಿಸುತ್ತವೆ. ಮಣ್ಣಿನಲ್ಲಿ ಕಾಂಪೋಸ್ಟ್ ಇಲ್ಲದೆ, ನೀರಾವರಿ ಸರಿ ಇಲ್ಲದೆ, ಸುಮ್ನೆ ಇದನ್ನು ಹೊಡೆದರೆ ದುಡ್ಡು ದಂಡ.

ಯಾವಾಗ ಹೊಡೆಯಬೇಕು ಅನ್ನುವುದರಲ್ಲೇ ಅರ್ಧ ಫಲಿತಾಂಶ ಇದೆ. ಚೆರಿ ಹೂವಿನಿಂದ ಕೊಯ್ಲಿಗೆ ಸುಮಾರು 60ರಿಂದ 80 ದಿನದಲ್ಲಿ ಮುಗಿಯುವ ಬೆಳೆ. ಹೂ ಉದುರಿದ ಮೊದಲ ಕೆಲವು ವಾರಗಳಲ್ಲಿ ಹಣ್ಣಿನೊಳಗೆ ಕೋಶಗಳು ವಿಭಜನೆಯಾಗಿ ಹೆಚ್ಚುತ್ತವೆ, ಆಮೇಲೆ ಬೀಜ ಗಟ್ಟಿಯಾಗುತ್ತದೆ, ಕೊನೆಗೆ ಇದ್ದ ಕೋಶಗಳೇ ಹಿಗ್ಗಿ ಹಣ್ಣು ದಪ್ಪವಾಗುತ್ತದೆ. ನಾನು ಮೊಗ್ಗು ಬೆಳ್ಳಗಾದಾಗ ಶುರು ಮಾಡುತ್ತೇನೆ, ದಳ ಉದುರಿದ ಮೇಲೆ ಮತ್ತೆ, ಹಣ್ಣು ಹಸಿರಿನಿಂದ ಒಣಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುವಾಗ ಇನ್ನೊಮ್ಮೆ. ಲೀಟರಿಗೆ ಒಂದು ಗ್ರಾಮಿನೊಳಗೇ ಸಾಕು, ಬೆಳಗಿನ ತಂಪಿನಲ್ಲಿ. ಕೊಯ್ಲು ಮುಗಿದ ಮೇಲೂ ಒಂದು ಸಲ ಕೊಡುತ್ತೇನೆ, ಯಾಕೆಂದರೆ ಮುಂದಿನ ವರ್ಷದ ಹೂಮೊಗ್ಗು ಈ ಬೇಸಿಗೆಯಲ್ಲೇ ರೂಪುಗೊಳ್ಳುತ್ತದೆ. ಆಗ 30 ಡಿಗ್ರಿ ದಾಟಿದ ಬಿಸಿ ಹಿಡಿದರೆ ಮರುವರ್ಷ ಜೋಡಿ ಹಣ್ಣು ಜಾಸ್ತಿ ಬರುತ್ತವೆ, ಅವನ್ನು ಯಾರೂ ಕೊಳ್ಳುವುದಿಲ್ಲ.

ಈಗ ಡಬ್ಬದ ಮೇಲೆ ಸರಿಯಾಗಿ ಬರೆಯದ ವಿಷಯ. ಚೆರಿಗೆ ಕ್ಯಾಲ್ಸಿಯಂ ಬೇಕೇ ಬೇಕು, ಅದನ್ನೂ ಎಳೆಗಾಯಿ ಇರುವಾಗಲೇ ಕೊಡಬೇಕು. ಒಂದೇ ಟ್ಯಾಂಕಿನಲ್ಲಿ ಎರಡನ್ನೂ ಹಾಕಿ ಒಂದು ಓಡಾಟ ಉಳಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬೇಡ. ಪಾಚಿಯ ಆಲ್ಜಿನೇಟ್‌ಗೆ ಕ್ಯಾಲ್ಸಿಯಂ ಸಿಕ್ಕರೆ ಹಾಲು ಒಡೆದ ಹಾಗೆ ಗಡ್ಡೆ ಕಟ್ಟುತ್ತದೆ, ನಾಜಲ್ ಮುಚ್ಚಿಕೊಳ್ಳುತ್ತದೆ. ಕೆಲವು ದಿನ ಬಿಟ್ಟು ಬೇರೆ ಬೇರೆಯಾಗಿ ಹೊಡೆಯಿರಿ. ರೇನಿಯರ್ ಅನ್ನುವ ಹಳದಿ ಚೆರಿ ತಳಿ ಬೆಳೆಯುವವರು ಇನ್ನೂ ಹುಷಾರಾಗಿರಬೇಕು. ಆ ಹಳದಿ ಸಿಪ್ಪೆಯ ಮೇಲೆ ಕಂದು ಕಲೆ ಉಳಿದರೆ ಹಣ್ಣಿನ ಅಂದವೇ ಹೋಯಿತು, ಹಾಗಾಗಿ ಬಣ್ಣ ಬಂದ ಮೇಲೆ ಅದಕ್ಕೆ ಹೊಡೆಯುವುದಿಲ್ಲ.

ಒಂದು ಸ್ಟಾರ್ ಯಾಕೆ ಕಿತ್ತೆ ಅಂದರೆ, ಸಿಹಿ ಹೆಚ್ಚುತ್ತದೆ ಅಂತ ಹೇಳಿಯೇ ಇದನ್ನು ಮಾರುತ್ತಾರೆ. ರಿಫ್ರಾಕ್ಟೋಮೀಟರ್ (ಸಿಹಿ ಅಳೆಯುವ ಉಪಕರಣ) ಹಿಡಿದು ಎರಡೂ ಸಾಲಿನ ಬ್ರಿಕ್ಸ್, ಅಂದರೆ ಸಿಹಿಯ ಅಳತೆ, ನೋಡಿದರೆ ನನಗೆ ವ್ಯತ್ಯಾಸ ಸಿಕ್ಕಿಲ್ಲ. ಸಿಹಿ ಮತ್ತು ಗಾತ್ರ ಬರುವುದು ಕೊಂಬೆ ಕತ್ತರಿಸಿ ಸವರುವುದರಿಂದ. ಗಿಸೆಲಾ ಅನ್ನುವ ಬೇರುಕಾಂಡದ ಮೇಲೆ ಕಸಿ ಕಟ್ಟಿದ ಮರಗಳು ಹಿಡಿದಷ್ಟೂ ಕಾಯಿ ಹಿಡಿಯುತ್ತವೆ, ಕಡಿಮೆ ಮಾಡದಿದ್ದರೆ ಎಲ್ಲ ಸಣ್ಣವೇ. ರೋಗದ ವಿಷಯವೂ ಅಷ್ಟೇ. ಇಲ್ಲಿ ಜಿಗಿಹುಳದಿಂದ ಹರಡುವ ಎಕ್ಸ್ ರೋಗ ಬಂದರೆ ಮರ ಕಡಿಯುವುದೊಂದೇ ದಾರಿ, ಯಾವ ಪಾಚಿಯೂ ಕಾಯುವುದಿಲ್ಲ. 2021ರ ಜೂನ್ ಕೊನೆಯಲ್ಲಿ ಪೂರ್ವ ವಾಷಿಂಗ್ಟನ್‌ನಲ್ಲಿ 45 ಡಿಗ್ರಿ ದಾಟಿದಾಗ ಹಣ್ಣು ಮರದಲ್ಲೇ ಬೆಂದವು. ಅಂಥ ಬಿಸಿಲಿಗೂ ಇದು ಮದ್ದಲ್ಲ.

ಊರಿನವರು ಕೇಳುತ್ತಾರೆ, ಅಲ್ಲಿ ಜೀವಾಮೃತ ಹಾಕಬಾರದಾ ಅಂತ. ನನಗೆ ಜೀವಾಮೃತದ ಮೇಲೆ ಪೂರ್ತಿ ನಂಬಿಕೆ ಇದೆ. ಆದರೆ ಅಮೆರಿಕದ ಸಾವಯವ ನಿಯಮದಲ್ಲಿ, ಜೀವಾಮೃತದಲ್ಲಿರುವಂಥ ಹಸಿ ಸಗಣಿ ಹಾಕಿದ ಮೇಲೆ, ನೆಲಕ್ಕೆ ತಾಗದ ಹಣ್ಣಾದರೂ ಕೊಯ್ಲಿಗೆ 90 ದಿನ ಕಾಯಬೇಕು. ಚೆರಿಗೆ ಹೂವಿನಿಂದ ಹಣ್ಣಿಗೆ ಅಷ್ಟು ದಿನವೇ ಇಲ್ಲ! ಪಾಚಿಗೆ ಆ ತೊಡಕಿಲ್ಲ. ಅದರ ಸಾರ ತೆಗೆಯಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ ಬಳಸುವುದಕ್ಕೂ, ಬೇಕಾದಷ್ಟೇ ಬಳಸಿದರೆ, ಒಪ್ಪಿಗೆ ಇದೆ.

ಕರ್ನಾಟಕದಲ್ಲಿ ದಾಳಿಂಬೆ, ದ್ರಾಕ್ಷಿ ಬೆಳೆಯುವವರು ಸೀವೀಡ್ ಹೆಸರಿನಲ್ಲಿ ಕೊಳ್ಳುವುದರಲ್ಲಿ ಬೇರೆ ಪಾಚಿಯೂ ಇರುತ್ತದೆ, ತಮಿಳುನಾಡಿನ ಕರಾವಳಿಯಲ್ಲಿ ಬೆಳೆಸುವ ಕಪ್ಪಾಫೈಕಸ್. ಅದು ಕೆಂಪು ಪಾಚಿ, ಒಳಗಿನ ಅಂಶಗಳೂ ಬೇರೆ, ಹಾಗಾಗಿ ನನ್ನ ಲೆಕ್ಕವನ್ನು ಹಾಗೇ ಅದಕ್ಕೆ ಹಾಕಬೇಡಿ. ಭಾರತದಲ್ಲಿ 2021ರಿಂದ ಬಯೋಸ್ಟಿಮ್ಯುಲೆಂಟ್‌ಗಳು ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ಬಂದಿವೆ. ಯಾವ ಪಾಚಿ, ಎಷ್ಟು ಪ್ರಮಾಣ ಅಂತ ಲೇಬಲ್‌ನಲ್ಲಿ ಇಲ್ಲದಿದ್ದರೆ ಅಂಗಡಿಯವರು ಏನೇ ಹೇಳಲಿ, ಬಿಟ್ಟುಬಿಡಿ.

ಕೊಳ್ಳುವುದಾದರೆ ದ್ರವಕ್ಕಿಂತ ಪುಡಿ ವಾಸಿ. ದ್ರವದಲ್ಲಿ ನೀವು ದುಡ್ಡು ಕೊಡುವುದು ಹೆಚ್ಚಾಗಿ ನೀರಿಗೆ, ಸಾಗಾಣಿಕೆ ಖರ್ಚು ಬೇರೆ. ಆದರೆ ಪುಡಿ ಗಾಳಿಯ ತೇವ ಹೀರಿಕೊಂಡು ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಒಂದು ಋತುವಿಗೆ ಆಗುವಷ್ಟೇ ಸಣ್ಣ ಚೀಲ ತರಿಸಿ, ತೆರೆದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿಡಿ.