ಕೋಲಾರದ ಅವರೆ ಮೇಳ: ಸಾರು-ಮುದ್ದೆಗೆ ಸಂಜೆ ಹೋಗಿ, ಕಾಯಿ ಮಾತ್ರ ಬೆಳಿಗ್ಗೆಯೇ ತನ್ನಿ

ಮೊದಲೇ ಹೇಳಿಬಿಡುತ್ತೇನೆ, ಈ ಮೇಳ ನನಗೆ ತುಂಬಾ ಇಷ್ಟವಾಯಿತು. ಸಂಕ್ರಾಂತಿಗೆ ಮುಂಚಿನ ವಾರ ನಮ್ಮ ಕೋಲಾರದಲ್ಲಿ ಸ್ವಸಹಾಯ ಸಂಘದ ಹೆಂಗಸರು ಸೇರಿಕೊಂಡು ಒಂದು ಶಾಲೆ ಮೈದಾನದಲ್ಲಿ ಮೂರು ದಿನ ನಡೆಸಿದರು. ನಾನು ಎರಡು ಸಂಜೆ ಹೋಗಿದ್ದೆ. ಮೊದಲ ದಿನ ಅತ್ತೆ ಮತ್ತು ಮಗಳ ಜೊತೆ, ಕೊನೆಯ ದಿನ ಒಬ್ಬಳೇ, ಬರೀ ಸಾರು-ಮುದ್ದೆಗೋಸ್ಕರ. ಆದರೆ ಮೇಳದ ಬಗ್ಗೆ ಬರೆಯುವ ಮುಂಚೆ ಬೆಳಗಿನ ಕಾಯಿ ಮಾರ್ಕೆಟ್ ಬಗ್ಗೆ ಬರೆಯಲೇಬೇಕು. ಬೆಳಿಗ್ಗೆ ಅಲ್ಲಿ ಮೂಗಿಗೆ ಬಡಿದ ಸೊಗಡು ಸಂಜೆ ತಟ್ಟೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡಿಯೇ ನಾನು ಅವರೆ ಊಟ ಚೆನ್ನಾಗಿದೆಯೋ ಇಲ್ಲವೋ ಹೇಳುವುದು.

ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವ ತನಕ ಹಳೇ ಬಸ್ ನಿಲ್ದಾಣದ ಕಡೆ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಅಂತರಗಂಗೆ ಬೆಟ್ಟ ಆ ಕಡೆ ಇದೆ ಅಂತ ಗೊತ್ತಿರುತ್ತದೆ, ಮಂಜಿನಲ್ಲಿ ಕಾಣಿಸುವುದಿಲ್ಲ ಅಷ್ಟೇ. ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಹಳ್ಳಿಯವರು ಕೂತಿರುತ್ತಾರೆ. ಮೂಟೆಯ ಬಾಯಿ ಬಿಚ್ಚಿ ಕಾಯಿ ಸುರಿದರೆ ಆ ವಾಸನೆ ಪಕ್ಕದ ಟೀ ಅಂಗಡಿಯ ತನಕ ಹೋಗುತ್ತದೆ. ನಾನು ಪ್ರತಿ ವರ್ಷ ಒಬ್ಬ ಅಜ್ಜಿಯ ಹತ್ತಿರವೇ ತಗೊಳ್ಳುವುದು. ರೇಟು ಕೇಳಿದರೆ ಅವರು ಮೊದಲು ಒಂದು ಕಾಯಿ ಕೈಗೆ ಕೊಡುತ್ತಾರೆ. "ಮೂಸಿ ನೋಡಮ್ಮ, ಆಮೇಲೆ ರೇಟು ಕೇಳುವೆಯಂತೆ. ಔಷಧಿ ಹೊಡೆದಿಲ್ಲ, ಒಂದೊಂದು ಹುಳ ಇರುತ್ತೆ, ಬೈಬೇಡ." ಈ ಸಲ ಕೆಜಿಗೆ 70 ರೂಪಾಯಿ ಹೇಳಿದರು, ಮೂರು ಕೆಜಿಗೆ 200 ಮಾಡಿಕೊಟ್ಟರು, ಮೇಲೆ ಎರಡು ಹಿಡಿ ಕೊಸರು. ಮನೆಗೆ ಬಂದು ಸುಲಿದು ಕೈ ತೊಳೆದರೂ ಬೆರಳ ಜಿಡ್ಡು ಹೋಗಲಿಲ್ಲ. ಸಂಜೆ ಮಗಳಿಗೆ ತಲೆ ಬಾಚುವಾಗಲೂ ಕೈಯಲ್ಲಿ ಅದೇ ವಾಸನೆ ಇತ್ತು, ಅವಳೂ ಹೇಳಿದಳು.

ಕಾಯಿ ಆರಿಸುವುದು ಕಷ್ಟವೇನಲ್ಲ. ಮುಟ್ಟಿದರೆ ಸ್ವಲ್ಪ ಅಂಟಬೇಕು. ಒತ್ತಿದರೆ ಒಳಗೆ ಕಾಳು ತುಂಬಿಕೊಂಡಿರುವುದು ಗೊತ್ತಾಗಬೇಕು. ಸಿಪ್ಪೆ ಹಳದಿಗೆ ತಿರುಗಿದ್ದರೆ ಕಾಳು ಬಲಿತುಹೋಗಿದೆ ಅಂತ ಅರ್ಥ, ಅದು ಹುಳಿ ಸಾರಿಗೆ ಆಗುತ್ತದೆ, ಹಿದುಕುವುದಕ್ಕೆ, ಅಂದರೆ ನೆನೆಸಿದ ಕಾಳನ್ನು ಒತ್ತಿ ಸಿಪ್ಪೆ ತೆಗೆಯುವುದಕ್ಕೆ, ಬೇಡ. ತೀರಾ ಎಳೆಯದಾದರೆ ಹಿದುಕಲು ಹೋದಾಗ ಬೇಳೆ ಕೈಯಲ್ಲೇ ನಜ್ಜಾಗುತ್ತದೆ. ಇನ್ನೊಂದು ವಿಷಯ, ಮಂಜಿನಲ್ಲಿ ಕಿತ್ತ ಕಾಯಿ ಒದ್ದೆ ಇರುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮಧ್ಯಾಹ್ನಕ್ಕೆಲ್ಲಾ ಬೆವತು ಕಪ್ಪಾಗಿಬಿಡುತ್ತದೆ. ಬಟ್ಟೆ ಚೀಲ ತಗೊಂಡು ಹೋಗಿ, ಮನೆಗೆ ಬಂದ ತಕ್ಷಣ ಹರಡಿ ಹಾಕಿ.

ಈಗ ವರ್ಷವಿಡೀ ಅವರೆಕಾಯಿ ಸಿಗುತ್ತಲ್ವಾ, ಚಳಿಗಾಲದ್ದೇ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಬಳ್ಳಿ. ಜುಲೈನಲ್ಲಿ ರಾಗಿ ಜೊತೆ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿ ಸಾಲುಗಳ ನಡುವೆ, ಬಿತ್ತಿದರೂ ಅದು ಸುಮ್ನೆ ಬೆಳೆಯುತ್ತಾ ಇರುತ್ತದೆ. ರಾಗಿ ಕೊಯ್ಲಿಗೆ ಬರುವ ಹೊತ್ತಿಗೆ ಹೂ, ಆಮೇಲೆ ಮಂಜು ಬೀಳುವಾಗ ಕಾಯಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿ ತಂದಿದ್ದಾರೆ, 3 ಮತ್ತು 4 ಅಂತ ಅದಕ್ಕೆ ನಂಬರು. ಅದಕ್ಕೆ ಹಗಲು ಚಿಕ್ಕದಿರಲಿ ದೊಡ್ಡದಿರಲಿ ಲೆಕ್ಕವಿಲ್ಲ, ಯಾವಾಗ ಬಿತ್ತಿದರೂ ಕಾಯಿ ಬಿಡುತ್ತದೆ. ರೈತರಿಗೆ ಅದರಿಂದ ಒಳ್ಳೆಯದೇ ಆಗಿದೆ, ಬೇಸಿಗೆಯಲ್ಲೂ ನಾಲ್ಕು ಕಾಸು ಸಿಗುತ್ತದೆ, ಅದರ ಮೇಲೆ ನನಗೆ ಕೋಪವಿಲ್ಲ. ಆದರೆ ಏಪ್ರಿಲ್‌ನಲ್ಲಿ ತಂದ ಕಾಯಿಯಲ್ಲಿ ಈ ಜಿಡ್ಡು, ಈ ವಾಸನೆ ನನಗೆ ಒಂದು ಸಲವೂ ಸಿಕ್ಕಿಲ್ಲ. ಹಾಗಾಗಿ ಚಳಿಗಾಲದಲ್ಲಿ ಅವರೆ ಮೇಳ ಅಂತ ಬೋರ್ಡು ಹಾಕಿದವರು ನಾಟಿ ಕಾಯಿ ತರಬೇಕು ಅಂತ ನಾನು ಆಸೆ ಪಡುವುದು ತಪ್ಪಲ್ಲ ಅನ್ನಿಸುತ್ತದೆ.

ಇವರು ತಂದಿದ್ದರು. ಮೈದಾನದ ಒಳಗೆ ಕಾಲಿಡುವಾಗಲೇ ಗೊತ್ತಾಯಿತು. ಒಂದು ಮೂಲೆಯಲ್ಲಿ ಟಾರ್ಪಾಲಿನ ಮೇಲೆ ಏಳೆಂಟು ಜನ ಹೆಂಗಸರು ಸುತ್ತ ಕೂತು ಕಾಯಿ ಸುಲಿಯುತ್ತಿದ್ದರು, ಸಿಪ್ಪೆ ಮೊಣಕಾಲೆತ್ತರ ಬಿದ್ದಿತ್ತು. ಇಪ್ಪತ್ತು ಚಿಲ್ಲರೆ ಅಂಗಡಿ, ಒಳಗೆ ಹೋಗಲು ದುಡ್ಡಿಲ್ಲ, ಊಟಕ್ಕೆ ಟೋಕನ್.

ಸಾರು-ಮುದ್ದೆ ಕೌಂಟರ್ ಎದುರು ನಾನು ಅರ್ಧ ಗಂಟೆ ನಿಂತೆ, ಬೇಸರವಾಗಲಿಲ್ಲ. ದೊಡ್ಡ ಪಾತ್ರೆಯಲ್ಲಿ ಎಸರು ಕುದಿಯುತ್ತಿತ್ತು, ರಾಗಿ ಹಿಟ್ಟು ಗುಡ್ಡದ ಹಾಗೆ ಸುರಿದು ಮುಚ್ಚಿಟ್ಟರು, ಆಮೇಲೆ ಇಬ್ಬರು ಎದುರು ಬದುರು ನಿಂತು ಕೋಲು ಹಿಡಿದು ತಿರುವಿದರು. ಒಬ್ಬರು ಪಾತ್ರೆಯ ಅಂಚಿಗೆ ಒತ್ತುವುದು, ಇನ್ನೊಬ್ಬರು ಎಳೆಯುವುದು. ಒಂದು ಗಂಟು ಉಳಿಯಲಿಲ್ಲ. ಕೈಗೆ ನೀರು ಹಚ್ಚಿಕೊಂಡು ಹಲಗೆಯ ಮೇಲೆ ಉರುಳಿಸಿ ಉಂಡೆ ಕಟ್ಟಿ, ಬಿಸಿ ಆರುವ ಮುಂಚೆ ತಟ್ಟೆಗೆ. ಅಡಿಕೆ ಹಾಳೆ ತಟ್ಟೆ, ಒಂದು ಮುದ್ದೆ, ದೊಡ್ಡ ಸೌಟಿನಲ್ಲಿ ಎರಡು ಸೌಟು ಸಾರು, ಈರುಳ್ಳಿ, ಅರ್ಧ ನಿಂಬೆಹಣ್ಣು. 60 ರೂಪಾಯಿ. ಎರಡನೇ ಸಲ ಸಾರು ಕೇಳಿದರೆ ಮುಖ ನೋಡದೆ ಹಾಕಿದರು.

ಆ ಸಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಹಿದುಕಿದ ಬೇಳೆ ಸಾರು ಕೆಡುವುದು ಎರಡು ಕಾರಣಕ್ಕೆ. ಒಂದು, ಬೇಳೆ ಜಾಸ್ತಿ ಬೆಂದು ಕರಗಿ ಪಾಯಸದ ಹಾಗೆ ಆಗುವುದು. ಎರಡು, ಮಸಾಲೆ ಮೇಲೆದ್ದು ಅವರೆ ಎಲ್ಲಿದೆ ಅಂತ ಹುಡುಕುವ ಹಾಗೆ ಆಗುವುದು. ಇಲ್ಲಿ ಬೇಳೆ ಇಡಿಯಾಗಿತ್ತು, ಬೆರಳಿನಲ್ಲಿ ಒತ್ತಿದ ಮೇಲಷ್ಟೇ ಮೆತ್ತಗೆ ಕುಸಿಯಿತು. ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಧನಿಯ, ತೆಂಗಿನಕಾಯಿ, ಖಾರಕ್ಕೆ ಹಸಿಮೆಣಸಿನಕಾಯಿ, ಇಷ್ಟೇ ಮುಂದೆ ಬರುವುದು. ಚಕ್ಕೆ ಲವಂಗ ಇತ್ತೋ ಇಲ್ಲವೋ ಅನ್ನುವಷ್ಟು. ಅಡುಗೆ ಮಾಡಿದ ಅಕ್ಕನನ್ನು ಕೇಳಿದೆ. "ಚಕ್ಕೆ ಲವಂಗ ಜಾಸ್ತಿ ಹಾಕೋದಾದ್ರೆ ಅವರೆ ಯಾಕೆ ಬೇಕು, ಬಟಾಣಿ ಹಾಕಿದ್ರೂ ಆಗುತ್ತೆ" ಅಂದರು. ನಮ್ಮ ಅತ್ತೆ ಹೊರಗಿನ ಊಟವನ್ನು ಅಷ್ಟು ಸುಲಭವಾಗಿ ಒಪ್ಪುವವರಲ್ಲ. ಅವರು ಮುದ್ದೆ ಮುಗಿಸಿ, ತಟ್ಟೆಯಲ್ಲಿ ಉಳಿದ ಸಾರನ್ನು ಬೆರಳಿನಿಂದ ಬಳಿದು ತಿಂದು, "ಉಪ್ಪು ಸರಿಯಾಗಿದೆ" ಅಂದರು. ಅವರನ್ನು ಬಲ್ಲವರಿಗೆ ಅದು ದೊಡ್ಡ ಮಾತು.

ಕೊನೆಯ ದಿನ ಅದೇ ಕೌಂಟರಿನಲ್ಲಿ ಸಾರು ತೆಳ್ಳಗಿತ್ತು, ನಿಜ ಹೇಳಬೇಕಲ್ವಾ. ಭಾನುವಾರದ ಜನಕ್ಕೆ ಬೇಳೆ ಸಾಲದೆ ನೀರು ಬಿಟ್ಟಿದ್ದರು ಅನ್ನಿಸುತ್ತದೆ, ಎಂಟು ಗಂಟೆಗೆಲ್ಲಾ ಮುದ್ದೆಯೂ ಖಾಲಿ. ಮುಂದಿನ ವರ್ಷ ಹೋಗುವುದಾದರೆ ಮೊದಲ ದಿನ ಹೋಗಿ, ಏಳರ ಒಳಗೆ.

ಮಗಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಹಿದುಕುವ ಜಾಗ. ರಾತ್ರಿ ನೆನೆಸಿದ ಕಾಳನ್ನು ದೊಡ್ಡ ಪರಾತದಲ್ಲಿ ಹಾಕಿಕೊಂಡು ಮೂವರು ಅಜ್ಜಿಯರು ಕೂತಿದ್ದರು, ಮಕ್ಕಳು ಬಂದರೆ ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳಿಟ್ಟು ಒಂದು ಸಲ ಒತ್ತಿದರೆ ಬೇಳೆ ಪುಳಕ್ಕಂತ ಹೊರಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನನ್ನ ಮಗಳ ಮೊದಲ ಬೇಳೆ ಒಬ್ಬ ಅಜ್ಜಿಯ ಕನ್ನಡಕಕ್ಕೆ ಬಡಿಯಿತು. ಅವರು ನಕ್ಕು, ತೆಲುಗಿನಲ್ಲಿ ಏನೋ ಹೇಳಿ, ಇನ್ನೊಂದು ಹಿಡಿ ಕಾಳು ಅವಳ ಮುಂದೆ ಸುರಿದರು. ನಮ್ಮ ಕಡೆ ಅರ್ಧ ಮನೆಗಳಲ್ಲಿ ಇದಕ್ಕೆ ಪಿತಿಕಿಪಪ್ಪು ಅಂತಲೇ ಹೆಸರು, ಶ್ರೀನಿವಾಸಪುರದ ನಮ್ಮ ಅತ್ತೆಯೂ ಹಾಗೇ ಅನ್ನುವುದು. ಆ ಅಜ್ಜಿಯರೂ ಅತ್ತೆಯೂ ತೆಲುಗಿನಲ್ಲಿ ಮಾತಿಗೆ ಬಿದ್ದರು, ನಾವು ಮನೆಗೆ ಹೊರಟಾಗ ಒಂಬತ್ತು ದಾಟಿತ್ತು. ಈ ಒಂದು ಜಾಗಕ್ಕೋಸ್ಕರ ಮಕ್ಕಳನ್ನು ಕರಕೊಂಡು ಹೋಗಬಹುದು. ಮಗಳು ಈಗ ಮನೆಯಲ್ಲಿ ಟಿವಿ ಮುಂದೆ ಕೂತು ಒಂದು ಪಾವು ಹಿದುಕುತ್ತಾಳೆ, ನಾನು ಹೇಳುವುದೇ ಬೇಡ.

ಮಿಕ್ಕಿದ್ದು ಬೇಗ ಹೇಳಿ ಮುಗಿಸುತ್ತೇನೆ. ಅವರೆಕಾಳು ಹಾಕಿ ತಟ್ಟಿದ ಅಕ್ಕಿ ರೊಟ್ಟಿ ಚೆನ್ನಾಗಿತ್ತು, ಸಬ್ಬಸಿಗೆ ಸೊಪ್ಪು ಧಾರಾಳವಾಗಿ ಹಾಕಿದ್ದರು, ಆದರೆ ಒಂದೇ ಹಂಚು ಇಟ್ಟುಕೊಂಡು ಅಷ್ಟು ಜನಕ್ಕೆ ಸಾಕಾಗುವುದಿಲ್ಲ, ನಲವತ್ತು ನಿಮಿಷ ಕಾದೆವು. ಉಪ್ಪಿಟ್ಟು ಸಾಧಾರಣ. ಅವರೆಬೇಳೆ ಜಾಮೂನು, ಅವರೆ ಐಸ್‌ಕ್ರೀಮು ಕೂಡ ಇತ್ತು, ಮಕ್ಕಳು ಮುಗಿಬಿದ್ದಿದ್ದರು. ನಾನು ಒಂದು ಚಮಚ ತಿಂದೆ. ಏಲಕ್ಕಿ ಬಿಟ್ಟರೆ ನನಗೆ ಬೇರೇನೂ ಗೊತ್ತಾಗಲಿಲ್ಲ. ಬೇಳೆಯನ್ನು ಎಣ್ಣೆಯಲ್ಲಿ ಕರಿದು ಕರಿಬೇವು, ಕೊಬ್ಬರಿ ಚೂರು, ಕಡಲೆಬೀಜ, ಇಂಗು ಹಾಕಿ ಮಾಡಿದ ಮಿಕ್ಸ್‌ಚರ್ ಮಾತ್ರ ಬಿಡಬೇಡಿ, ಕಾಲು ಕೆಜಿ 120 ರೂಪಾಯಿ, ಎರಡು ವಾರವಾದರೂ ಗರಿಗರಿಯಾಗಿಯೇ ಇದೆ. ಎಳ್ಳು-ಬೆಲ್ಲದ ಪೊಟ್ಟಣ, ಗೆಣಸು, ಹಸಿ ಕಡಲೆಕಾಯಿ, ಕಬ್ಬು ಎಲ್ಲಾ ಒಂದು ಸಾಲಿನಲ್ಲಿ ಇಟ್ಟಿದ್ದರು, ಹಬ್ಬದ ಸಾಮಾನು ಅಲ್ಲೇ ಮುಗಿಯಿತು.

ಒಂದು ಬೇಜಾರಿನ ವಿಷಯ. ಗೇಟಿನ ಹತ್ತಿರ ಒಂದು ಅಂಗಡಿಯಲ್ಲಿ ಹಿದುಕಿದ ಬೇಳೆಯನ್ನು ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಕಟ್ಟಿ ಮಾರುತ್ತಿದ್ದರು. ಅವರು ಸಂಘದವರಲ್ಲ, ಹೊರಗಿನಿಂದ ಬಂದವರು. ಅರ್ಧ ಕೆಜಿ 150 ಕೊಟ್ಟು ತಂದು ಮನೆಯಲ್ಲಿ ಬಿಚ್ಚಿದರೆ ಹುಳಿ ವಾಸನೆ, ಮುಟ್ಟಿದರೆ ಲೋಳೆ. ಹಿಂದಿನ ದಿನದ್ದು, ನೀರು ಬಸಿಯದೆ ಕಟ್ಟಿದ್ದರು. ಪೂರ್ತಿ ಚೆಲ್ಲಬೇಕಾಯಿತು. ದುಡ್ಡಿಗಿಂತ ಜಾಸ್ತಿ ಸಂಕಟವಾಗಿದ್ದು ಆ ಬೇಳೆಗೆ. ಅಷ್ಟನ್ನು ಹಿದುಕಲು ಯಾರೋ ಗಂಟೆಗಟ್ಟಲೆ ಕೂತಿರುತ್ತಾರೆ. ಕೊನೆಯ ದಿನ ಸಂಘದ ಹೆಂಗಸರಿಗೆ ಹೇಳಿದೆ, ಒಬ್ಬರು ನನ್ನ ಜೊತೆಗೇ ಆ ಅಂಗಡಿಗೆ ಬಂದು ದುಡ್ಡು ವಾಪಸ್ ಕೊಡಿಸಿದರು, ಉಳಿದ ಪ್ಯಾಕೆಟ್‌ಗಳನ್ನೂ ತೆಗೆಸಿದರು. ಅದು ನನಗೆ ತುಂಬಾ ಹಿಡಿಸಿತು. ಮುಂದಿನ ವರ್ಷ ಹೊರಗಿನವರಿಗೆ ಜಾಗ ಕೊಡುವಾಗ ಸ್ವಲ್ಪ ನೋಡಿ ಕೊಡಲಿ.

ಇನ್ನು ಕೂರುವ ಜಾಗ. ಚಳಿಯಲ್ಲಿ ವಯಸ್ಸಾದವರು ತಟ್ಟೆ ಹಿಡಿದು ನಿಂತೇ ಮುದ್ದೆ ತಿನ್ನುವುದು ಕಷ್ಟ. ಇದ್ದಿದ್ದು ಹತ್ತೇ ಕುರ್ಚಿ. ನಾನು ಶಾಲೆಯ ಜಗಲಿ ಮೇಲೆ ಅತ್ತೆಯನ್ನು ಕೂರಿಸಿದೆ. ಮುದ್ದೆ ಕೂತು ತಿನ್ನುವ ಊಟ, ನೆಲದ ಮೇಲೆ ಎರಡು ಉದ್ದ ಜಮಖಾನ ಹಾಸಿದ್ದರೂ ಸಾಕಿತ್ತು. ಕೈ ತೊಳೆಯಲು ನಲ್ಲಿ ಇತ್ತು, ಕುಡಿಯಲು ಕ್ಯಾನ್ ನೀರು ಇತ್ತು, ಶೌಚಾಲಯ ಶಾಲೆಯದ್ದೇ, ಪರವಾಗಿಲ್ಲ. ಕಾರು ತರಬೇಡಿ, ನಿಲ್ಲಿಸಲು ಜಾಗವೇ ಇಲ್ಲ.

ಬೆಂಗಳೂರಿನ ವಿ.ವಿ. ಪುರಂ ಅವರೆಬೇಳೆ ಮೇಳದ ಜೊತೆ ಹೋಲಿಸಬಹುದಾ ಅಂತ ತಂಗಿ ಕೇಳಿದಳು. ಅಲ್ಲಿಗೂ ಹೋಗಿದ್ದೇನೆ, ಸಜ್ಜನ್ ರಾವ್ ಸರ್ಕಲ್ ಹತ್ತಿರ ತಿಂಡಿ ಬೀದಿಯಲ್ಲಿ ನಡೆಯುತ್ತಿದ್ದಾಗಲೂ, ಆಮೇಲೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದ ಮೇಲೂ. ಅಲ್ಲಿ ತಿಂಡಿ ಬಗೆ ಜಾಸ್ತಿ, ಹೆಸರು ಓದುವಷ್ಟರಲ್ಲೇ ಹೊಟ್ಟೆ ತುಂಬುತ್ತದೆ, ಜನ ಭುಜಕ್ಕೆ ಭುಜ ತಾಗಿಸಿ ನಡೆಯಬೇಕು. ಹಬ್ಬದ ಗಲಾಟೆ ಬೇಕು ಅಂದರೆ ಅಲ್ಲಿಗೇ ಹೋಗಿ. ನಮ್ಮದರಲ್ಲಿ ಅಷ್ಟು ಬಗೆ ಇಲ್ಲ. ಆದರೆ ಹಿಂದಿನ ದಿನ ಹೊಲದಲ್ಲಿ ಕಿತ್ತ ಕಾಯಿ ಸಂಜೆ ಸಾರಿನಲ್ಲಿ ಇತ್ತು, ಸುಲಿದವರು ಹಿದುಕಿದವರು ಎಲ್ಲರೂ ಕಣ್ಣೆದುರೇ ಇದ್ದರು, ಬಡಿಸಿದವರು ನಿಮ್ಮ ಊರು ಯಾವುದು ಅಂತ ಕೇಳಿದರು. ನನಗೆ ಇದೇ ಮೇಲು.

ಮೇಳ ಮುಗಿದಿದೆ, ಕಾಯಿ ಇನ್ನೂ ಸಿಗುತ್ತಿದೆ. ನಿನ್ನೆ ಮತ್ತೆ ಹಳೇ ಬಸ್ ನಿಲ್ದಾಣಕ್ಕೆ ಹೋಗಿದ್ದೆ, ಹಬ್ಬ ಕಳೆದಿದ್ದರಿಂದ ಕೆಜಿಗೆ 50ಕ್ಕೆ ಇಳಿದಿದೆ. ಇನ್ನು ಎರಡು ವಾರ ಕಾಯಿ ತರುತ್ತೇನೆ, ಆಮೇಲೆ ಉಳಿದಿದ್ದನ್ನು ಬಳ್ಳಿಯಲ್ಲೇ ಒಣಗಲು ಬಿಡುತ್ತೇನೆ ಅಂದರು ಅಜ್ಜಿ. ಏಳರ ಒಳಗೆ ಹೋಗಿ, ಚಿಲ್ಲರೆ ಇಟ್ಟುಕೊಂಡು ಹೋಗಿ, ಅವರ ಹತ್ತಿರ ಫೋನ್‌ಪೇ ಇಲ್ಲ.