ಹಿಮ್ಮಡಿ ನೋವಿಗೆ ಮೂವರು ಪೊಡಿಯಾಟ್ರಿಸ್ಟ್‌ಗಳು: ನನ್ನ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂರನೆಯವರಿಗೆ. ಎಡಗಾಲಿನ ಹಿಮ್ಮಡಿ ನೋವಿಗಾಗಿ 11 ತಿಂಗಳಲ್ಲಿ ಮೂವರು ಪಾದದ ಡಾಕ್ಟರುಗಳ, ಅಂದರೆ ಪೊಡಿಯಾಟ್ರಿಸ್ಟ್‌ಗಳ ಹತ್ತಿರ ಹೋದೆ. ಕೊನೆಗೆ ಸಿಕ್ಕವರು ಮೊದಲೇ ಸಿಕ್ಕಿದ್ದರೆ 7 ತಿಂಗಳ ಕುಂಟಾಟ ತಪ್ಪುತ್ತಿತ್ತು. ದುಡ್ಡೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತಿತ್ತು. ಇದೇ ನೋವಿನಲ್ಲಿ ಈಗ ಡಾಕ್ಟರನ್ನು ಹುಡುಕುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ನೋವು ಹೀಗಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಯ ಒಳಬದಿಗೆ ಮೊಳೆ ಹೊಕ್ಕ ಹಾಗೆ ಆಗುತ್ತಿತ್ತು. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲ. ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ ಕಥೆ. ನನ್ನದು ದಿನಕ್ಕೆ 6-7 ಗಂಟೆ ನಿಂತು ಮಾಡುವ ಕೆಲಸ. ಸಂಜೆ ಹೊತ್ತಿಗೆ ಗೋಡೆ ಹಿಡಿದು ನಡೆಯುವ ಸ್ಥಿತಿ. ಮೂವರೂ ಹೇಳಿದ ಹೆಸರು ಒಂದೇ: ಪ್ಲಾಂಟಾರ್ ಫ್ಯಾಸಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಹಾಸಿಕೊಂಡಿರುತ್ತದೆ. ಅದು ಮೂಳೆಗೆ ಅಂಟಿಕೊಳ್ಳುವ ಜಾಗ ಹಾಳಾದಾಗ ಬರುವ ನೋವು ಇದು. ಅಂದರೆ ಕಾಯಿಲೆಯ ಹೆಸರಿನಲ್ಲಿ ಮೂವರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಮುಂದೆ ಏನು ಮಾಡಿದರು ಅನ್ನುವುದರಲ್ಲೇ ಅಜಗಜಾಂತರ.

ಮೊದಲು ಹೋದದ್ದನ್ನು ಸ್ಕ್ಯಾನ್ ಕ್ಲಿನಿಕ್ ಅಂತ ಕರೆಯುತ್ತೇನೆ. ಮಾರನೇ ದಿನಕ್ಕೇ ಅಪಾಯಿಂಟ್‌ಮೆಂಟ್ ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ ಹೋದೆ. ಒತ್ತಡ ಅಳೆಯುವ ಪ್ಲೇಟಿನ ಮೇಲೆ ನಿಲ್ಲಿಸಿದರು. ಪರದೆಯ ಮೇಲೆ ನನ್ನ ಎರಡು ಪಾದಗಳು ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಮೂಡಿದವು. ಅದನ್ನು ನೋಡಿ ನನಗೂ ನಂಬಿಕೆ ಬಂತು. ಆದರೆ ಎಲ್ಲಿ ನೋಯುತ್ತದೆ ಅಂತ ಡಾಕ್ಟರು ಒಂದು ಬೆರಳಿಟ್ಟೂ ನೋಡಲಿಲ್ಲ. ನಡೆಸಿ ನೋಡಲಿಲ್ಲ. ನಿಂತು ಮಾಡುವ ಕೆಲಸವೋ ಕೂತು ಮಾಡುವ ಕೆಲಸವೋ, ಕೇಳಲಿಲ್ಲ. 12 ನಿಮಿಷದಲ್ಲಿ ತೀರ್ಮಾನ ಆಗಿತ್ತು. ಪಾದದ ಕಮಾನು ಕುಸಿದಿದೆ, ನನ್ನ ಕಾಲಿನ ಅಳತೆಗೇ ಮಾಡಿಸಿದ ಇನ್ಸೋಲ್ (ಶೂ ಒಳಗಿಡುವ ಹಾಸು) ಬೇಕು, ಮುಂಗಡ ಕಟ್ಟಿ.

ಆ ಇನ್ಸೋಲ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು. ನನ್ನ 5 ತಿಂಗಳನ್ನು ತಿಂದಿದ್ದು ಅದೇ.

ಬರುವುದಕ್ಕೇ 3 ವಾರ ಆಯಿತು. ಗಟ್ಟಿ ಪ್ಲಾಸ್ಟಿಕ್ಕಿನ ತಳ, ಮೇಲೆ ತೆಳ್ಳಗಿನ ಹೊದಿಕೆ. ನನ್ನ ಶೂ ಒಳಗಿನ ಹಾಸನ್ನು ಕಿತ್ತರೂ ಸರಿಯಾಗಿ ಕೂರಲಿಲ್ಲ. ಕೂರಿಸಿದರೆ ಹಿಮ್ಮಡಿ ಒಂದು ಬೆರಳಿನಷ್ಟು ಮೇಲೆದ್ದು, ಪ್ರತಿ ಹೆಜ್ಜೆಗೂ ಶೂ ಹಿಂದಿನಿಂದ ಜಾರುತ್ತಿತ್ತು. ಹಿಮ್ಮಡಿಯ ಹಿಂಭಾಗ ಉಜ್ಜಿ ಬೊಕ್ಕೆ ಎದ್ದಿತು. ಇನ್ಸೋಲ್ ಇಟ್ಟುಕೊಂಡೇ ಅಳತೆ ನೋಡಿ ಹೊಸ ಶೂ ತಗೊಳ್ಳಿ ಅಂದರು. ತಗೊಂಡೆ. ಈಗ ಶೂ ಜಾರುವುದು ನಿಂತಿತು, ಆದರೆ ಇನ್ಸೋಲಿನ ಒಳಅಂಚು ಕಮಾನಿಗೆ ಒತ್ತತೊಡಗಿತು. ಸಂಜೆ ಸಾಕ್ಸ್ ಬಿಚ್ಚಿದರೆ ಅಂಗಾಲಿನ ಮೇಲೆ ಕೆಂಪನೆಯ ಗೆರೆ. ಹಿಮ್ಮಡಿ ನೋವು ಇದ್ದಲ್ಲೇ ಇತ್ತು, ಜೊತೆಗೆ ಪಾದದ ಮಧ್ಯೆ ಇನ್ನೊಂದು ನೋವು ಸೇರಿಕೊಂಡಿತು.

ಫೋನ್ ಮಾಡಿದರೆ "ಅಭ್ಯಾಸ ಆಗುತ್ತೆ, ದಿನಾ ಒಂದೊಂದು ಗಂಟೆ ಜಾಸ್ತಿ ಮಾಡಿ" ಅನ್ನುತ್ತಿದ್ದರು. ಹೊಸ ಇನ್ಸೋಲನ್ನು ನಿಧಾನವಾಗಿ ಒಗ್ಗಿಸಿಕೊಳ್ಳಬೇಕು ಅನ್ನುವುದು ನಿಜ. ಒಂದು ತಿಂಗಳು ಕಾದೆ. ಆಮೇಲೆ ಹೋದಾಗ ಅಂಚು ಉಜ್ಜಿಸಲು ವಾಪಸ್ ತಗೊಂಡರು, 2 ವಾರ ಅವರ ಹತ್ತಿರವೇ ಇತ್ತು. ಬಂದ ಮೇಲೆ ಇನ್ನೊಂದು ಕಡೆ ಒತ್ತಿತು. ಮತ್ತೆ 2 ವಾರ. ಮೂರನೇ ಸಲ ಕೇಳಿದಾಗ ಸರಿಪಡಿಸುವುದಕ್ಕೆ ಬೇರೆ ಚಾರ್ಜ್ ಅಂದರು. ಅಳತೆಗೆ ಮಾಡಿಸಿದ್ದಾದ್ದರಿಂದ ಹಿಂದಕ್ಕೆ ತಗೊಳ್ಳುವ ಮಾತೇ ಇಲ್ಲ. ರಸೀದಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇದೆಲ್ಲ ಇತ್ತು. ಮುಂಗಡ ಕಟ್ಟುವಾಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಒಂದಿತ್ತು. ಇನ್ಸೋಲ್ ಕೆಲಸ ಮಾಡುವುದು ಶೂ ಹಾಕಿದಾಗ ಮಾತ್ರ. ನಾನು ಮನೆಗೆ ಬಂದರೆ ಬರಿಗಾಲಲ್ಲೇ ಇರುವವಳು. ಬೆಳಗಿನ ಮೊದಲ ಹೆಜ್ಜೆ, ಅತಿ ಕೆಟ್ಟ ನೋವಿನ ಆ ಹೆಜ್ಜೆ, ಶೂ ಇಲ್ಲದೆಯೇ ಇಡುವುದಲ್ವಾ? ಮನೆಯಲ್ಲಿ ಏನು ಹಾಕಿಕೊಳ್ಳುತ್ತೀರಿ ಅಂತ ಒಂದು ಪ್ರಶ್ನೆ ಕೇಳಿದ್ದರೆ ಇದು ಮೊದಲ ದಿನವೇ ಗೊತ್ತಾಗುತ್ತಿತ್ತು.

ಎಷ್ಟೋ ಕಾಲದ ನಂತರ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಅಧ್ಯಯನ ಓದಿದೆ. 2006ರಲ್ಲಿ ಪ್ರಕಟವಾದದ್ದು. ಇದೇ ನೋವಿನ 135 ಜನರಲ್ಲಿ ಕೆಲವರಿಗೆ ಅಳತೆಗೆ ಮಾಡಿಸಿದ ಇನ್ಸೋಲ್, ಕೆಲವರಿಗೆ ರೆಡಿಮೇಡ್, ಇನ್ನು ಕೆಲವರಿಗೆ ಹೆಸರಿಗಷ್ಟೇ ಇನ್ಸೋಲ್ ಅನ್ನುವಂಥ ಮೆತ್ತನೆಯ ಹಾಸು ಕೊಟ್ಟಿದ್ದರು. ಮೊದಲ ತಿಂಗಳುಗಳಲ್ಲಿ ನಿಜವಾದ ಇನ್ಸೋಲಿನಿಂದ ಓಡಾಟಕ್ಕೆ ಸ್ವಲ್ಪ ಅನುಕೂಲ ಆಗಿತ್ತು, ಆದರೆ ಅದರಲ್ಲಿ ರೆಡಿಮೇಡೂ ಅಳತೆಯದ್ದೂ ಹೆಚ್ಚುಕಡಿಮೆ ಸಮ. ವರ್ಷ ಕಳೆಯುವಷ್ಟರಲ್ಲಿ ಮೂರೂ ಗುಂಪು ಒಂದೇ ಕಡೆ ಬಂದು ನಿಂತಿದ್ದವು. ಅಳತೆಯ ಇನ್ಸೋಲ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಪಾದದ ಆಕಾರವೇ ಬೇರೆ ಇರುವವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗುವ ಭಯ ಇರುವವರಿಗೆ ಅದು ಬೇಕೇ ಬೇಕಾಗಬಹುದು. ನನ್ನ ಥರದ ಮಾಮೂಲಿ ಹಿಮ್ಮಡಿ ನೋವಿಗೆ ಅದು ಮೊದಲ ಮದ್ದು ಆಗಬೇಕಿರಲಿಲ್ಲ, ಅಷ್ಟೇ.

ಎರಡನೆಯವರು ಇಂಜೆಕ್ಷನ್ ಡಾಕ್ಟರು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಗೆ ಅಲ್ಲಿ ಒಂದೇ ಸೂಜಿಯಲ್ಲಿ ವಾಸಿಯಾಗಿತ್ತು. ಇವರು ಕನಿಷ್ಠ ಹಿಮ್ಮಡಿ ಒತ್ತಿ ನೋಡಿದರು. ಆಮೇಲೆ ಎಕ್ಸ್-ರೇ. ಅದರಲ್ಲಿ ಹಿಮ್ಮಡಿ ಮೂಳೆಯ ತುದಿಗೆ ಸಣ್ಣ ಮುಳ್ಳಿನಂಥದ್ದು ಕಂಡಿತು. "ಎಲುಬು ಬೆಳೆದಿದೆ ನೋಡಿ" ಅಂದ ಕೂಡಲೇ ನನ್ನ ಜೀವ ಬಾಯಿಗೆ ಬಂತು. ಒಂದು ನೋವೂ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿ ಇಂಥ ಮುಳ್ಳು ಇರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಸ್ಟೆರಾಯ್ಡ್ ಇಂಜೆಕ್ಷನ್ ತಗೊಂಡೆ. ಚುಚ್ಚುವಾಗ ಪ್ರಾಣ ಹೋದಷ್ಟು ನೋವು. ಮೂರನೇ ದಿನದಿಂದ ನೋವು ಇಳಿಯಿತು, 5 ವಾರ ಹಾಯಾಗಿದ್ದೆ. ಆರನೇ ವಾರ ಒಂದು ಬೆಳಿಗ್ಗೆ ಅದೇ ಮೊಳೆ ವಾಪಸ್. ಇನ್ನೊಂದು ಹಾಕೋಣ ಅಂದರು. ಅಷ್ಟರಲ್ಲಿ ನಾನು ಒಪ್ಪಿಗೆ ಪತ್ರವನ್ನು ಮನೆಯಲ್ಲಿ ಕೂತು ಸರಿಯಾಗಿ ಓದಿದ್ದೆ. ಆ ಪಟ್ಟಿ ಹರಿಯುವ ಅಪಾಯ, ಹಿಮ್ಮಡಿಯ ಕೆಳಗಿನ ಕೊಬ್ಬಿನ ಮೆತ್ತೆ ಸವೆಯುವ ಅಪಾಯ, ಎರಡೂ ಅದರಲ್ಲಿ ಬರೆದಿತ್ತು. ಆ ಮೆತ್ತೆ ಒಮ್ಮೆ ತೆಳ್ಳಗಾದರೆ ಮೊದಲಿನ ಹಾಗೆ ತುಂಬಿಸುವುದು ಕಷ್ಟ. ನಿಂತೇ ಅನ್ನ ಹುಟ್ಟಿಸಬೇಕಾದ ನಾನು ಎರಡನೇ ಸೂಜಿಗೆ ಒಪ್ಪಲಿಲ್ಲ. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಸೂಜಿ ಬಿಟ್ಟು ಬೇರೆ ಏನೂ ಹೇಳಲೂ ಇಲ್ಲ.

ಮೂರನೆಯವರ ವಿಷಯದಲ್ಲಿ ನಾನು ಹುಡುಕುವ ರೀತಿ ಸ್ವಲ್ಪ ಬದಲಿಸಿದೆ. ಮೊದಲು ಓದು, ನೋಂದಣಿ ನೋಡಿದೆ. ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದವರು ಪೊಡಿಯಾಟ್ರಿಸ್ಟ್ ಅಂತ ಹೆಸರು ಹಾಕಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಡಿಪಿಎಂ ಅನ್ನುವ ಪದವಿಗೆ 4 ವರ್ಷ ಓದಿ, ಆಮೇಲೆ 3 ವರ್ಷ ಆಸ್ಪತ್ರೆಯಲ್ಲಿ ತರಬೇತಿ ಪಡೆಯಬೇಕು. ಎಲ್ಲ ದೇಶಗಳಲ್ಲೂ ಇಷ್ಟು ಬಿಗಿ ಇಲ್ಲ, ಹಾಗಾಗಿ ಬೋರ್ಡು ನಂಬದೆ ಓದಿದ್ದೇನು ಅಂತ ಕೇಳುವುದೇ ಒಳ್ಳೆಯದು. ಎರಡನೆಯದಾಗಿ, ಮೊದಲ ಭೇಟಿ ಎಷ್ಟು ಹೊತ್ತಿನದು ಅಂತ ಫೋನಿನಲ್ಲೇ ಕೇಳಿದೆ. "45 ನಿಮಿಷ. ದಿನಾ ಹಾಕುವ ಶೂ, ಚಪ್ಪಲಿ ಎಲ್ಲ ಒಂದು ಚೀಲದಲ್ಲಿ ತನ್ನಿ" ಅಂದರು. ಆ ಉತ್ತರಕ್ಕೇ ನನ್ನ ಅರ್ಧ ಮನಸ್ಸು ಆ ಕಡೆ ವಾಲಿತ್ತು.

ಮೇಡಂ ಮೊದಲು ಶೂ ಕೈಗೆತ್ತಿಕೊಂಡರು. ತಿರುಗಿಸಿ ತಳ ನೋಡಿದರು, ಹಿಂದಿನ ಭಾಗವನ್ನು ಬೆರಳಲ್ಲಿ ಅದುಮಿದರು, ಶೂವನ್ನು ಬಟ್ಟೆ ಹಿಂಡುವ ಹಾಗೆ ತಿರುಚಿದರು. ಕೆಲಸಕ್ಕೆ ಹಾಕುವ ಶೂ ಮಧ್ಯದಲ್ಲೇ ಮಡಚಿಕೊಂಡಿತು. "ಇದು ಬೆರಳಿನ ಹತ್ತಿರ ಮಡಚಬೇಕು, ನಡುವಲ್ಲಿ ಅಲ್ಲ" ಅಂದು ಪಕ್ಕಕ್ಕಿಟ್ಟರು. ಆಮೇಲೆ ನನ್ನನ್ನು ಬರಿಗಾಲಲ್ಲಿ ಹೋಗಿ ಬಾ ಅಂತ ಐದಾರು ಸಲ ನಡೆಸಿದರು. ಗೋಡೆಗೆ ಎದುರಾಗಿ ನಿಲ್ಲಿಸಿ, ಹಿಮ್ಮಡಿ ನೆಲ ಬಿಡದೆ ಮಂಡಿಯನ್ನು ಗೋಡೆಗೆ ತಾಗಿಸಲು ಹೇಳಿದರು. ಬಲಗಾಲಿಗಿಂತ ಎಡಗಾಲು ಗೋಡೆಗೆ 4 ಸೆಂಟಿಮೀಟರ್ ಹತ್ತಿರ ಇದ್ದರೆ ಮಾತ್ರ ತಾಗುತ್ತಿತ್ತು. ಮೀನಖಂಡ ಅಷ್ಟು ಬಿಗಿದುಕೊಂಡಿತ್ತು. ಇಷ್ಟು ದಿನ ಯಾರೂ ಇದನ್ನು ಅಳೆದಿರಲಿಲ್ಲ.

ನಂತರ ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಹಿಂಡಿದರು, ಮೂಳೆಯಲ್ಲಿ ಸಣ್ಣ ಬಿರುಕು ಇದೆಯಾ ಅಂತ ನೋಡಲು. ಒಳಗಿನ ಕಾಲ್ಗಂಟಿನ ಹಿಂದೆ ಬೆರಳಿಂದ ತಟ್ಟಿ, ಅಂಗಾಲಿಗೆ ಜುಮ್ ಅನ್ನುತ್ತಾ ಅಂತ ಕೇಳಿದರು, ನರದ ತೊಂದರೆಗಾಗಿ. ಎರಡೂ ಕಾಲು ನೋಯುತ್ತಾ, ಬೆಳಿಗ್ಗೆ ಬೆನ್ನು ಹಿಡಿದುಕೊಳ್ಳುತ್ತಾ ಅಂತಲೂ ಕೇಳಿದರು. ಕೆಲವು ಸಂಧಿವಾತಗಳು ಹಿಮ್ಮಡಿ ನೋವಿನ ರೂಪದಲ್ಲೇ ಶುರುವಾಗುತ್ತವಂತೆ. ಕೊನೆಗೆ ನನ್ನ ಕಾಲಿನ ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಸರಿಯಾಗಿ ಆ ಜಾಗ ಒತ್ತಿದರು. ಕಣ್ಣಲ್ಲಿ ನೀರು ಬಂತು. "ಇಲ್ಲೇ" ಅಂದರು, "ಇಲ್ಲೇ" ಅಂದೆ.

ಆಮೇಲೆ ನನ್ನ ಕೈಯನ್ನೇ ನನ್ನ ಅಂಗಾಲಿನ ಮೇಲಿಟ್ಟು ಕಾಲಿನ ಹೆಬ್ಬೆರಳನ್ನು ಎತ್ತಿಸಿದರು. ಚರ್ಮದಡಿ ಪಟ್ಟಿ ತಂತಿಯ ಹಾಗೆ ಬಿಗಿಯಾಯಿತು, ಕಮಾನು ಮೇಲೆದ್ದಿತು. ಭಾರ ಎತ್ತುವ ರಾಟೆಗೆ ಹಗ್ಗ ಸುತ್ತಿಕೊಂಡು ಬಿಗಿಯಾಗುತ್ತದಲ್ಲ, ಹಾಗೆ. ಹಿಕ್ಸ್ ಅನ್ನುವವರು 1954ರಲ್ಲೇ ಪಾದದ ಈ ಕೆಲಸವನ್ನು ವಿವರಿಸಿದ್ದರಂತೆ. ಕೊಡುವ ವ್ಯಾಯಾಮ ಯಾಕೆ ಹಾಗಿದೆ ಅಂತ ನನಗೆ ಅರ್ಥವಾಗಿದ್ದು ಆ ಕ್ಷಣದಲ್ಲಿ.

ವ್ಯಾಯಾಮ ಇಷ್ಟೇ. ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಲ್ಲಬೇಕು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇರಬೇಕು. 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡು ನಿಂತು, 3 ಸೆಕೆಂಡಿನಲ್ಲಿ ಇಳಿಸಬೇಕು. 12 ಸಲ, 3 ಸುತ್ತು, ದಿನ ಬಿಟ್ಟು ದಿನ. ಸುಲಭ ಅನ್ನಿಸತೊಡಗಿದಾಗ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗು. ಜೊತೆಗೆ ಬೆಳಿಗ್ಗೆ ಹಾಸಿಗೆಯಲ್ಲೇ ಕೂತು, ನೆಲಕ್ಕೆ ಕಾಲಿಡುವ ಮೊದಲು, ಬೆರಳುಗಳನ್ನು ಹಿಂದಕ್ಕೆ ಎಳೆದು ಹತ್ತು ಎಣಿಸುವುದು, ಹತ್ತು ಸಲ. ಈ ಟವೆಲ್ ವ್ಯಾಯಾಮವನ್ನು ಡೆನ್ಮಾರ್ಕಿನಲ್ಲಿ 48 ಜನರ ಮೇಲೆ ನೋಡಿ 2014ರಲ್ಲಿ ಪ್ರಕಟಿಸಿದ್ದಾರೆ. 3 ತಿಂಗಳ ಹೊತ್ತಿಗೆ ಬೆರಳು ಹಿಂದಕ್ಕೆ ಎಳೆಯುವುದನ್ನಷ್ಟೇ ಮಾಡಿದವರಿಗಿಂತ ಟವೆಲ್ ವ್ಯಾಯಾಮದವರು ಮುಂದಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಸಮಸಮ. ಅಂದರೆ ಇದೇನು ಮಾಯಾಮಂತ್ರ ಅಲ್ಲ, ಬೇಗ ದಾರಿಗೆ ತರುತ್ತದೆ ಅಷ್ಟೇ. ಇದನ್ನೂ ಮೇಡಂ ಮುಚ್ಚಿಡಲಿಲ್ಲ.

ಇನ್ಸೋಲ್ ಬಗ್ಗೆ ಕೇಳಿದೆ. ರೆಡಿಮೇಡ್ ಸಾಕು, ಕೆಲಸದ ಶೂಗೆ ಮಾತ್ರ, ಮನೆಯಲ್ಲಿ ಹಿಮ್ಮಡಿ ಮೆತ್ತಗಿರುವ ಚಪ್ಪಲಿ ಹಾಕಿಕೊಳ್ಳಿ ಅಂದರು. ಮೊದಲ 2 ವಾರ ಪಾದಕ್ಕೆ ಟೇಪ್ ಸುತ್ತುವುದನ್ನೂ ಕಲಿಸಿದರು.

ಇವರಲ್ಲೂ ಕೊರತೆ ಇದೆ. ಒಂದು ಭೇಟಿಯ ಫೀಸು ಮೂವರಲ್ಲಿ ಇವರದೇ ಜಾಸ್ತಿ. ಅಪಾಯಿಂಟ್‌ಮೆಂಟಿಗೆ ಒಂದು ತಿಂಗಳು ಕಾದೆ. ಮೊದಲ 6 ವಾರ ಏನೂ ಬದಲಾವಣೆ ಕಾಣಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. 7ನೇ ವಾರದಲ್ಲಿ ಒಂದು ಬೆಳಿಗ್ಗೆ ಅಡುಗೆಮನೆ ತನಕ ಹೋದ ಮೇಲೆ ಗೊತ್ತಾಯಿತು, ನಾನು ಗೋಡೆ ಹಿಡಿದಿರಲೇ ಇಲ್ಲ. 4 ತಿಂಗಳಿಗೆ ನೋವು ಹತ್ತರಲ್ಲಿ ಒಂದಕ್ಕೆ ಬಂದಿದೆ. ಈ ನೋವು ಹೆಚ್ಚಿನವರಿಗೆ ಒಂದು ವರ್ಷದೊಳಗೆ ಹೇಗೂ ಇಳಿಯುತ್ತದೆ, ಹಾಗಾಗಿ ಪೂರ್ತಿ ಶ್ರೇಯಸ್ಸು ಟವೆಲಿಗೇ ಅಂತ ನಾನು ಆಣೆ ಮಾಡಲಾರೆ. ಆದರೆ ಗೋಡೆಯ ಪರೀಕ್ಷೆಯಲ್ಲಿ ಆ 4 ಸೆಂಟಿಮೀಟರ್ ಈಗ 1 ಆಗಿದೆ. ಅದು ಸುಮ್ನೆ ಕೂತಿದ್ದರೆ ಆಗುತ್ತಿರಲಿಲ್ಲ.

ಖರ್ಚಿನ ಲೆಕ್ಕ ಹೇಳುವುದಾದರೆ, ಒಂದು ಜೊತೆ ಅಳತೆಯ ಇನ್ಸೋಲ್ ಮತ್ತು ಅದಕ್ಕಾಗಿ ಕೊಂಡ ಶೂ ಸೇರಿಸಿದ ದುಡ್ಡಿಗೆ ಮೇಡಂ ಹತ್ತಿರ 5 ಸಲ ಹೋಗಬಹುದಿತ್ತು. ನನಗೆ ಬೇಕಾದದ್ದು 3 ಸಲ ಮಾತ್ರ. ಮುಂದಿನ ವಾರ ಮದುವೆ, ದೂರದ ಪ್ರಯಾಣ ಅಂತ ಏನಾದರೂ ಇದ್ದು, ಹೇಗಾದರೂ ಮಾಡಿ ಒಂದು ತಿಂಗಳು ನಡೆಯಲೇಬೇಕು ಅನ್ನುವವರು ಅಪಾಯಗಳನ್ನು ಕೇಳಿ ತಿಳಿದುಕೊಂಡು ಇಂಜೆಕ್ಷನ್ ಡಾಕ್ಟರ ಹತ್ತಿರ ಹೋಗಬಹುದು. ದಿನವಿಡೀ ಶೂನಲ್ಲೇ ಇರುವವರು, ವ್ಯಾಯಾಮ ಖಂಡಿತ ಮಾಡುವುದಿಲ್ಲ ಅನ್ನುವವರು ಮೊದಲು ರೆಡಿಮೇಡ್ ಇನ್ಸೋಲ್ ಹಾಕಿ ನೋಡಲಿ. ಸ್ಕ್ಯಾನ್ ಕ್ಲಿನಿಕ್ಕಿಗೆ ನಾನಂತೂ ಯಾರನ್ನೂ ಕಳಿಸುವುದಿಲ್ಲ.

ಕೆಲಸಕ್ಕೆ ಹೊಸ ಶೂ ತಗೊಂಡಿದ್ದೇನೆ. ಅಂಗಡಿಯಲ್ಲೇ ಹಿಡಿದು ತಿರುಚಿ ನೋಡಿದೆ, ನಡುವಲ್ಲಿ ಮಡಚಲಿಲ್ಲ. ಎರಡು ವಾರ ಹಾಕಿ ಸವೆದ ಮೇಲೆ ಚೀಲದಲ್ಲಿ ಹಾಕಿಕೊಂಡು ಬನ್ನಿ, ತಳ ನೋಡೋಣ ಅಂದಿದ್ದಾರೆ ಮೇಡಂ.