ಮೇಜುದೀಪದ ದುರಸ್ತಿಗೆ ಬಿಡಿಭಾಗ ಕೊಡುವ ಮಡಿಕೇರಿಯ ಅಂಗಡಿ

ಕೊಡಗಿನಲ್ಲಿ ಮಳೆ ಹಿಡಿದರೆ ಕಕ್ಕಡ ಮಾಸ (ಜುಲೈ–ಆಗಸ್ಟ್) ಕಳೆಯುವವರೆಗೂ ಮನೆಯೊಳಗಿನ ಎಲ್ಲವೂ ತೇವ ಹೀರುತ್ತವೆ. ಬಟ್ಟೆ, ಪುಸ್ತಕಗಳಿಗೆ ಬೂಷ್ಟು ಬಂದರೆ ಕಣ್ಣಿಗೆ ಕಾಣುತ್ತದೆ. ದೀಪದ ಹೋಲ್ಡರಿನೊಳಗಿನ ಹಿತ್ತಾಳೆಗೆ ಕಿಲುಬು ಹಿಡಿದದ್ದು ಬಲ್ಬ್ ಮಿಣುಕತೊಡಗಿದ ಮೇಲಷ್ಟೇ ತಿಳಿಯುತ್ತದೆ. ಇಂಥ ದೀಪವನ್ನು ತೆಗೆದುಕೊಂಡು ಹೋದರೆ ಹೊಸದನ್ನೇ ಕೊಳ್ಳಿ ಎನ್ನುವ ಅಂಗಡಿಗಳೇ ಹೆಚ್ಚು. ಮಡಿಕೇರಿಯ ಮುಖ್ಯ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ, ಹೆಸರಿನ ಫಲಕ ಎಂದೋ ಮಾಸಿಹೋಗಿರುವ ಒಂದು ಚಿಕ್ಕ ಎಲೆಕ್ಟ್ರಿಕಲ್ ಅಂಗಡಿ ಮಾತ್ರ ಹೋಲ್ಡರ್, ಪ್ಲಗ್, ವೈರಿನ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಬಿಡಿಯಾಗಿ ಮಾರುತ್ತದೆ, ವೈರನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತದೆ.

ನಾನು ಒಯ್ದದ್ದು ಹಿತ್ತಾಳೆಯ ಕಂಬವಿರುವ ಹಳೆಯ ಮೇಜುದೀಪ. ಬಹುಕಾಲ ಅದರಲ್ಲಿ ಉರಿದದ್ದು 60 ವ್ಯಾಟಿನ ಫಿಲಮೆಂಟ್ ಬಲ್ಬ್. ಅಂಥ ಬಲ್ಬಿಗೆ ಹೋದ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೊರಬರುವುದರಿಂದ ಹೋಲ್ಡರಿನ ಎರಡು ಪಿನ್ನುಗಳ ಹಿಂದಿನ ಸ್ಪ್ರಿಂಗ್ ಬಲ ಕಳೆದುಕೊಂಡಿತ್ತು, ವೈರಿನ ಹೊದಿಕೆ ಗಡುಸಾಗಿ ಬಿರುಕುಬಿಟ್ಟಿತ್ತು. ಅಂಗಡಿಯವರು ಹೋಲ್ಡರನ್ನು ಬಿಚ್ಚಿ, ಪಿನ್ನನ್ನು ಬೆರಳಿನಿಂದ ಒತ್ತಿ, ಅದು ಮೇಲೆ ಬಾರದಿರುವುದನ್ನು ತೋರಿಸಿದ ನಂತರವೇ ಹೊಸ ಬಿ22 (ಬಲ್ಬನ್ನು ಒತ್ತಿ ತಿರುಗಿಸಿ ಸಿಕ್ಕಿಸುವ ಬಗೆಯ) ಹೋಲ್ಡರನ್ನು ಮುಂದಿಟ್ಟರು. ಐಎಸ್‌ಐ ಗುರುತಿಲ್ಲದ ಅಗ್ಗದ ಹೋಲ್ಡರೂ ಅಲ್ಲಿತ್ತು; ಕೇಳಿದರೆ ಕೊಡುತ್ತಾರೆ, ತಾವಾಗಿ ಕೊಡುವುದಿಲ್ಲ.

ದೀಪಕ್ಕೆ ಮೊದಲಿದ್ದದ್ದು ಎರಡೆಳೆಯ ವೈರ್. ದೀಪದ ಮೈ ಲೋಹದ್ದಾದ್ದರಿಂದ 0.75 ಚದರ ಮಿಲಿಮೀಟರಿನ ಮೂರೆಳೆಯ ವೈರನ್ನೇ ಹಾಕಬೇಕೆಂದು ಅಂಗಡಿಯವರು ಪಟ್ಟುಹಿಡಿದರು, ಮತ್ತು ಅದು ಸರಿ. 230 ವೋಲ್ಟಿನ ಫೇಸ್ ಎಳೆ ಎಂದಾದರೂ ಸಡಿಲಗೊಂಡು ಕಂಬಕ್ಕೆ ತಗುಲಿದರೆ, ಅರ್ತ್ ಇಲ್ಲದ ದೀಪವನ್ನು ಮುಟ್ಟಿದವರ ಕೈಯೇ ಅದಕ್ಕೆ ದಾರಿಯಾಗುತ್ತದೆ. ಅರ್ತ್‌ನ ಹಸಿರು ಎಳೆಗೆ ಲಗ್ ಹಾಕಿ, ಕಂಬದ ಬುಡದಲ್ಲಿ ವಾರ್ನಿಷ್ ಕೆರೆದು ಬರಿಯ ಲೋಹಕ್ಕೇ ಬಿಗಿಯಬೇಕೆಂದೂ, ಹೋಲ್ಡರಿನ ಕೆಳಗೆ ಉಳಿದೆರಡು ಎಳೆಗಳನ್ನು ಸೇರಿಸಿ ಗಂಟು ಹಾಕಿದರೆ ಯಾರಾದರೂ ವೈರನ್ನು ಜಗ್ಗಿದಾಗ ಆ ಎಳೆತ ಸ್ಕ್ರೂಗಳ ಮೇಲೆ ಬೀಳದೆ ಗಂಟಿನ ಮೇಲೆ ಬೀಳುತ್ತದೆಂದೂ ಅವರು ವಿವರಿಸಿದರು. ಪ್ಲಗ್ ಕಿತ್ತಿಟ್ಟು, ಮನೆಯಲ್ಲಿ ಸ್ಕ್ರೂಡ್ರೈವರ್ ಮತ್ತು ಚಾಕುವಿನಿಂದಲೇ ಮಾಡಬಹುದಾದ ಕೆಲಸವಿದು. ಹಳೆಯ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಕಂಬದೊಳಗೆ ತೂರಿಸುವ ತಾಪತ್ರಯವೂ ಇಲ್ಲ.

ಈ ಅಂಗಡಿಯ ನಿಜವಾದ ಹೆಚ್ಚುಗಾರಿಕೆ ಕೌಂಟರಿನ ಮೂಲೆಯಲ್ಲಿರುವ ಸೀರೀಸ್ ಬೋರ್ಡು. ನಾವು ಜೋಡಿಸಿದ ದೀಪವನ್ನು ಅದಕ್ಕೆ ಸಿಕ್ಕಿಸಿದಾಗ, ವಿದ್ಯುತ್ ಮೊದಲು ಬೋರ್ಡಿನ ಮೇಲಿನ ಫಿಲಮೆಂಟ್ ಬಲ್ಬನ್ನು ಹಾದು ಬರುತ್ತದೆ. ಜೋಡಣೆಯಲ್ಲಿ ಎಲ್ಲೋ ಶಾರ್ಟ್ ಆಗಿದ್ದರೆ ಫ್ಯೂಸ್ ಹಾರುವ ಬದಲು ಆ ಬಲ್ಬ್ ಪೂರ್ತಿ ಬೆಳಕಿನಲ್ಲಿ ಉರಿಯುತ್ತದೆ. ಎಲ್ಲ ಸರಿಯಿದ್ದರೆ ನಮ್ಮ 9 ವ್ಯಾಟಿನ ಎಲ್‌ಇಡಿ ಹೊತ್ತಿಕೊಂಡು, ಬೋರ್ಡಿನ ಬಲ್ಬ್ ಕಪ್ಪಾಗಿಯೇ ಉಳಿಯುತ್ತದೆ. ಬಳಿಕ ಮಲ್ಟಿಮೀಟರಿನ ಒಂದು ಮೊನೆಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೂ ಇನ್ನೊಂದನ್ನು ಕಂಬಕ್ಕೂ ಮುಟ್ಟಿಸಿ ಅರ್ತ್ ತಾಗಿದೆಯೇ ಎಂದು ನೋಡುತ್ತಾರೆ. ಇದಕ್ಕೆ ಹಣ ಕೇಳುವುದಿಲ್ಲ. ಸಾಮಾನಿಗೆ ತಗುಲಿದ್ದೂ ಮುನ್ನೂರು ರೂಪಾಯಿಯ ಒಳಗೆ.

ಕೊರತೆಗಳಿಲ್ಲವೆಂದಲ್ಲ. ವೈರಿನ ನಡುವೆ ಹಾಕುವ ಸ್ವಿಚ್‌ಗಳಲ್ಲಿ ಇಲ್ಲಿರುವುದು ಒಂದೇ ಬಗೆ. ಅದರ ಪ್ಲಾಸ್ಟಿಕ್ ತೆಳು, ಸ್ಕ್ರೂ ಸ್ವಲ್ಪ ಬಿಗಿದರೂ ಮರೆ (ತಿರುಪಿನ ಸುತ್ತುಗೆರೆ) ಸವೆದು ತಿರುಗುತ್ತಲೇ ಇರುತ್ತದೆ, ಜೊತೆಗೆ ಅರ್ತ್ ಎಳೆಯನ್ನು ಕತ್ತರಿಸದೆ ಒಳಗಿನಿಂದ ಸಾಗಿಸಲು ಜಾಗವೂ ಸಾಲದು. ಆ ಸ್ವಿಚ್ಚನ್ನು ಬಿಟ್ಟು ಕುಶಾಲನಗರದಲ್ಲಿ ಬೇರೆ ಕೊಂಡೆ. ತಿರುಪಿನ ಬಲ್ಬಿನ ಇ27 ಹೋಲ್ಡರ್ ಬೇಕಾದವರಿಗೂ ಇಲ್ಲಿ ಆಯ್ಕೆ ಕಡಿಮೆ. ಅದನ್ನು ಹಾಕುವವರು ಫೇಸನ್ನು ನಡುವಿನ ಬಿಂದುವಿಗೂ ನ್ಯೂಟ್ರಲನ್ನು ಮರೆಗೂ ಕೊಡಬೇಕೆಂಬುದನ್ನು ಕೇಳಿಯೇ ಹೊರಡುವುದು ಒಳ್ಳೆಯದು. ಬಿಲ್ ಕೇಳಿದರೆ ಮಾತ್ರ ಬರೆದುಕೊಡುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಗಾಳಿಮಳೆಗೆ ಮರ ಬಿದ್ದು ಲೈನ್ ಹೋದ ದಿನ ಆ ಸೀರೀಸ್ ಬೋರ್ಡೂ ಕೆಲಸಕ್ಕೆ ಬಾರದು; ಹೊರ ಊರಿನವರು ಕರೆಂಟ್ ಇದೆಯೇ ಎಂದು ವಿಚಾರಿಸಿಕೊಂಡೇ ದೀಪ ಹೊತ್ತು ಬರಬೇಕು.